ಲೂಸವ್ವ ಕುಂತ ಜಾಗ

ಆ ಮುಂಜಾನೆ ಮೂಡಗಾಳಿ ಬಿಟ್ಟಿತ್ತು. ಹಿಂದಿನ ದಿನದವರೆಗೂ ಮಂಜು ಕವಿದು ಮಂಕಾಗಿದ್ದ ಕಲ್ಲುಕ್ವಾರಿ ಅಂದು ಬೆಳಕು ಹರಿಯುವಷ್ಟರಲ್ಲಿ ತೊಳೆದಿಟ್ಟ ಹಾಗೆ ಚೊಕ್ಕ ಕಾಣುತ್ತಿತ್ತು. ಇಳಕಲ್ಲಿನಿಂದ ಹುನಗುಂದದ ಕಡೆಗೆ ಚಾಚಿದ ಕೆಂಪು ಗುಡ್ಡಗಳ ನೆತ್ತಿಗೆ ಬಿಸಿಲು ಇನ್ನೂ ಮುಟ್ಟಿರಲಿಲ್ಲ. ಕಡಲೆ ಹೊಲಗಳ ಮೇಲಿಂದ ಬಂದ ಚಳಿ ಸೆರಗಿನೊಳಗೆ, ಕಿವಿಯೊಳಗೆ, ಒಲೆಯ ಬಾಯೊಳಗೆ ನುಗ್ಗಿ ಬೆಂಕಿಯನ್ನು ಅತ್ತಿತ್ತ ಎಳೆದಾಡುತ್ತಿತ್ತು. ನಾಯಿಮನೆಯ ಹಿಂದೆ ಮೂರು ಕಲ್ಲು ಹೂಡಿದ ಒಲೆಯ ಮುಂದೆ ದುರಗವ್ವ ಕುಕ್ಕುರುಗಾಲಲ್ಲಿ ಕೂತು ಊದುತ್ತಿದ್ದಳು. ಬೋಗುಣಿಯಲ್ಲಿ ಅಕ್ಕಿ, ಕುರಿಯ ಮಾಂಸ, ಚಿಟಿಕೆ ಅರಿಷಿಣ ಕುದಿಯುತ್ತಿದ್ದವು. ಉಪ್ಪಿಲ್ಲ, ಖಾರವಿಲ್ಲ.

"ಏ ವಡ್ಡರಕಿ, ಅದರಾಗ ಖಾರ ಗೀರ ಬಿದ್ದೀತು ಮತ್ತ," ಎಂದು ಬೆನ್ನ ಹಿಂದೆ ಆಳುಗಳ ಮೇಲಿನ ಮುಕಾದಮ ಸೋಮಲಿಂಗನ ದನಿ ಬಂತು. "ಇವತ್ತ ನಾಯಿ ಪರೀಕ್ಷಾ ಮಾಡಾಕ ಸಾಹೇಬ್ರು ಬರ್ತಾರ. ಅದರ ಹೊಟ್ಟಿ ಕೆಟ್ಟಿತಂದ್ರ ನಿನ್ನ ಹೊಟ್ಟಿ ಮ್ಯಾಲ ಕಾಲಿಡ್ತೇನಿ."

ದುರಗವ್ವ ತಿರುಗಿ ನೋಡಲಿಲ್ಲ. ಅವನೇ ಸುತ್ತು ಹಾಕಿ ಎದುರಿಗೆ ಬಂದು ನಿಂತ. ಬೋಗುಣಿ ನೋಡಿದ, ಅವಳ ಕೈ ನೋಡಿದ, ಆಮೇಲೆ ಹಣೆ ನೋಡಿದ.

"ರೂಪಾಯಿ ಅಗಲ ಕುಂಕುಮ ಹಚ್ಚಿಗೊಂಡು ಬಂದಾಳ ನೋಡ್ರಿ. ಯಾರ ಹೆಸರಿಂದಬೇ ಇದು? ಓಡಿಹೋದ ಕಳ್ಳಂದೋ, ಮುಂದ ಬರೋ ಮಿಂಡಂದೋ? ಮುತ್ತೈದಿನೋ ಮುಂಡಿನೋ, ಒಂದರ ಖರೆ ಹೇಳ."

ಬುಟ್ಟಿ ಹೊತ್ತು ಹೋಗುತ್ತಿದ್ದ ಆಳುಗಳಲ್ಲಿ ಒಬ್ಬ ನಕ್ಕ. ಉಳಿದವರು ತಮ್ಮ ಪಾದ ನೋಡಿಕೊಂಡು ಮುಂದೆ ನಡೆದರು. ದುರಗವ್ವ ಸೌಟಿನಿಂದ ಮಾಂಸದ ಚೂರೊಂದನ್ನು ಎತ್ತಿ, ಉಗುರಿನಿಂದ ಒತ್ತಿ, ಬೆಂದಿದೆಯೇ ಎಂದು ನೋಡಿ ಮತ್ತೆ ಒಳಗೆ ಬಿಟ್ಟಳು. ಆ ಬೆರಳನ್ನು ನಾಲಿಗೆಗೆ ಮುಟ್ಟಿಸುವಂತಿರಲಿಲ್ಲ. ಮುಟ್ಟಿಸಿದ ದಿನ ಮುಕಾದಮ ಬಾಯಿ ಮೂಸಿ ನೋಡುತ್ತಿದ್ದ.

ಅವನು ಕೇಳಿದ ಮಾತು ಹೊಸದಾಗಿರಲಿಲ್ಲ. ಒಂದೂವರೆ ವರ್ಷದಿಂದ ಅವಳು ತನ್ನನ್ನೇ ಕೇಳಿಕೊಳ್ಳುತ್ತಿದ್ದ ಮಾತು ಅದು. ಹಳ್ಳದ ದಂಡೆಯ ದೇವಿ ಗುಡಿಯಲ್ಲಿ ಪೂಜಾರಿಯೂ ಅದನ್ನೇ ಕೇಳಿದ್ದ. ಅಮಾವಾಸ್ಯೆಯ ದಿನ ಕಾಯಿ ಹಿಡಿದು ನಿಂತಿದ್ದಳು. ಕುಂಕುಮದ ತಟ್ಟೆ ಎಲ್ಲ ಹೆಂಗಸರ ಮುಂದೆ ಬಂದು ಅವಳ ಮುಂದೆ ನಿಂತಿತು. ಗಂಡ ಅದಾನೋ ಇಲ್ಲೋ ಎಂದು ಪೂಜಾರಿ ಕೇಳಿದ. ದೇವರ ಮುಂದೆ ಸುಳ್ಳು ಹೇಳಲಾರದೆ, ಗೊತ್ತಿಲ್ಲರಿ ಎಂದಳು. ಅವನು ತಟ್ಟೆಯನ್ನು ಹಿಂದಕ್ಕೆ ಎಳೆದುಕೊಂಡು, "ಗೊತ್ತಾದ ಮ್ಯಾಲ ಬಾ," ಎಂದ. ಸಿಟ್ಟಿನಿಂದೇನೂ ಅಲ್ಲ, ಅಂಗಡಿಯವ ಚಿಲ್ಲರೆ ಇಲ್ಲ ಅಂದ ಹಾಗೆ. ದುರಗವ್ವ ಕಾಯಿಯನ್ನು ಹೊಸ್ತಿಲ ಹೊರಗೆ ಇಟ್ಟು, ಒಳಗಿನ ತಾಯಿಗೆ ಅಲ್ಲಿಂದಲೇ ಕೈಮುಗಿದು ಬಂದಿದ್ದಳು.

ಅವಳ ಗಂಡ ಬಂಡೆಪ್ಪ ಈ ಕ್ವಾರಿಯಲ್ಲಿ ಮದ್ದು ತುಂಬುವವ. ಕಂಪ್ರೆಸರ್ ಕೊರೆದ ತೂತುಗಳಲ್ಲಿ ಮದ್ದು ಇಳಿಸಿ, ಬತ್ತಿ ಹಚ್ಚಿ, ಎಲ್ಲರನ್ನೂ ದೂರ ಅಟ್ಟಿ, ಕಟ್ಟಕಡೆಗೆ ತಾನು ಓಡಿಬರುವವ. ಬಂಡೆ ಬಿರಿದು ಕೆಂಪು ಧೂಳು ಎದ್ದಾಗ ಆ ಧೂಳಿನೊಳಗಿಂದ ಅವನು ಮೂಡಿ ಬರುವುದನ್ನು ದುರಗವ್ವ ನಿತ್ಯ ನೋಡುತ್ತಿದ್ದಳು. ಎಷ್ಟು ಉಜ್ಜಿ ಮಿಂದರೂ ಅವನ ಬೆವರಿಗೆ ಅಂಟಿದ ಮದ್ದಿನ ಕಮಟು ವಾಸನೆ ಹೋಗುತ್ತಿರಲಿಲ್ಲ. ಬೀಡಿ ಹಚ್ಚುವಾಗ ದೂರ ಸರೀರಿ, ಉರಿದು ಹೋದೀರಿ ಎಂದು ಅವಳು ನಗೆಯಾಡುತ್ತಿದ್ದಳು.

ಕಾರಹುಣ್ಣಿಮೆಯ ಮುಂದೆ ಒಂದು ದಿನ ಅವಳು ಅತ್ತೆ ಅಂಬವ್ವನ ಕಣ್ಣು ತೋರಿಸಲು ಇಳಕಲ್ಲಿನ ದವಾಖಾನೆಗೆ ಹೋಗಿದ್ದಳು. ಹೊತ್ತು ಮುಳುಗುವಾಗ ಟೆಂಪೋ ಇಳಿದು ಬಂದರೆ ಗುಡಿಸಲ ಬಾಗಿಲು ತೆರೆದಿತ್ತು. ಬಂಡೆಪ್ಪನ ಚಪ್ಪಲಿ ಹೊಸ್ತಿಲ ಮುಂದೆ ಇದ್ದವು; ಮದ್ದಿನ ಹತ್ತಿರ ಹೋಗುವ ದಿನ ಅವನು ಬರಿಗಾಲಲ್ಲೇ ಹೋಗುತ್ತಿದ್ದ. ಅವನು ಇರಲಿಲ್ಲ. ಮದ್ದಿನ ಪೆಟ್ಟಿಗೆ ಹೊತ್ತುಕೊಂಡು ಓಡಿಹೋದ ಎಂದು ಮುಕಾದಮ ಹೇಳಿದ. ಕ್ವಾರಿಯ ಒಡೆಯ ಸಾವ್ಕಾರ ಶಿವಸಂಗಪ್ಪನೂ ಅದನ್ನೇ ಹೇಳಿದ. ಅವನ ಜೋಡಿ ಕೆಲಸ ಮಾಡುತ್ತಿದ್ದ ಇಬ್ಬರನ್ನು ಆ ವಾರವೇ ಆಂಧ್ರದ ಯಾವುದೋ ಕ್ವಾರಿಗೆ ಕಳಿಸಿಬಿಟ್ಟರು. ಪೊಲೀಸರು ಬಂದರು, ಸಾವ್ಕಾರನ ಆಫೀಸಿನಲ್ಲಿ ಚಹಾ ಕುಡಿದರು, ಕಳವು ಎಂದು ಬರೆದುಕೊಂಡರು. ಓಡಿಹೋಗಾವ ಚಪ್ಪಲಿ ಬಿಟ್ಟು ಹೋಗ್ತಾನೇನ್ರಿ ಎಂದು ದುರಗವ್ವ ಕೇಳಿದ್ದಕ್ಕೆ, ಕಳ್ಳರು ಚಪ್ಪಲಿ ಮೆಟ್ಟಿ ಸಪ್ಪಳ ಮಾಡ್ತಾರೇನ ಎಂದು ಹವಾಲ್ದಾರ ನಕ್ಕಿದ್ದ.

ಆ ವಾರವೇ ಕ್ವಾರಿಯ ಪಡುವಣ ಅಂಚಿಗೆ ಒಡಕಲು ಕಲ್ಲಿನ ಗುಡ್ಡೆಯೊಂದು ಎದ್ದಿತು. ಬೇಡವಾದ ಕಲ್ಲನ್ನು ಸುರಿಯುವ ಅಂಥ ಗುಡ್ಡೆಗೆ ಅಲ್ಲಿನವರು ದಂಪು ಎನ್ನುತ್ತಾರೆ. ಆ ದಂಪು ಎದ್ದ ಮೇಲೆ ಕಲ್ಲೆತ್ತುವ ಹಿಟಾಚಿ ಯಂತ್ರ ಓಡಿಸುವ ಮುತ್ತಪ್ಪ ದುರಗವ್ವನ ಗುಡಿಸಲಿಗೆ ಚಹಾಕ್ಕೆ ಬರುವುದನ್ನು ಬಿಟ್ಟ. ಅಕ್ಕಾ ಅಕ್ಕಾ ಎಂದು ಬಾಯಿ ತುಂಬ ಕರೆಯುತ್ತಿದ್ದವ ಎದುರಾದರೆ ಯಂತ್ರದ ಮೇಲೆ ಬಾಗಿ ಏನನ್ನೋ ಹುಡುಕುವವನ ಹಾಗೆ ಮಾಡುತ್ತಿದ್ದ.

ಮಧ್ಯಾಹ್ನ ಬುತ್ತಿಯ ಹೊತ್ತಿಗೆ ಕಂಪ್ರೆಸರ್ ನಿಲ್ಲಿಸಿದಾಗ ಕ್ವಾರಿಯ ಮೇಲೆ ಒಂದು ಮೌನ ಇಳಿಯುತ್ತಿತ್ತು. ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದುದು ನಿಧಾನಕ್ಕೆ ಆರಿ, ಆಮೇಲೆ ದಂಪಿನ ಕಡೆಯಿಂದ ಟಿಣ್ ಎಂದು ಒಂದು ಸಪ್ಪಳ. ಸ್ವಲ್ಪ ತಡೆದು ಇನ್ನೊಂದು. ಬಿಸಿಲಿಗೆ ಕಲ್ಲು ಬಿರಿಯುವ ಸಪ್ಪಳ ಅದು ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಆ ಸಪ್ಪಳ ಆದಾಗ ಯಾರೂ ರೊಟ್ಟಿ ಮುರಿಯುತ್ತಿರಲಿಲ್ಲ. ಕಣ್ಣು ಮಬ್ಬಾದ ಅಂಬವ್ವ ಮಾತ್ರ ತಲೆಯೆತ್ತಿ, "ನನ್ನ ಮಗ ಉಳಿ ಹೊಡಿಯಾಕತ್ತಾನ," ಎಂದು, ಹವೆಯ ವಿಚಾರ ಹೇಳಿದಷ್ಟು ಸಾದಾ ದನಿಯಲ್ಲಿ ಹೇಳುತ್ತಿದ್ದಳು. ದಂಪಿನ ಪಕ್ಕದ ದಾರಿಯಲ್ಲಿ ಹೋಗುವ ಹೆಂಗಸರು ಬುತ್ತಿಯ ರೊಟ್ಟಿಯಿಂದ ಒಂದು ಚೂರು ಮುರಿದು ಆ ಕಡೆ ಒಗೆದು ಹೋಗುವುದು ಹೇಗೋ ರೂಢಿಯಾಗಿತ್ತು. ಯಾಕೆ ಎಂದು ಯಾರೂ ಯಾರನ್ನೂ ಕೇಳಿರಲಿಲ್ಲ.

ನಾಯಿ ಬಂದದ್ದು ಅದಾದ ಮೇಲೆ. ಕ್ವಾರಿಗಳಿಂದ ಮದ್ದು ಕಳವಾಗುತ್ತದೆ ಎಂಬ ಸುದ್ದಿ ಆಗ ಜಿಲ್ಲೆಯ ತುಂಬ ಇತ್ತು. ಸಾವ್ಕಾರನಿಗೆ ಅದರಲ್ಲಿ ಒಂದು ವ್ಯಾಪಾರ ಕಂಡಿತು. ಮದ್ದಿನ ವಾಸನೆ ಹಿಡಿಯುವ ನಾಯಿ ತಯಾರು ಮಾಡಿ, ದೊಡ್ಡ ಸಾಹೇಬರ ಕೈಯಿಂದ ಪಾಸಾದ ಕಾಗದ ಪಡೆದು, ಸುತ್ತಲಿನ ಕ್ವಾರಿಗಳಿಗೆ ಬಾಡಿಗೆಗೆ ಕಳಿಸುವ ಯೋಚನೆ. ಕರಿಯ ಲ್ಯಾಬ್ರಡಾರ್ ಮರಿ ಬಂತು. ಸಾವ್ಕಾರ ಅದಕ್ಕೆ ಲೂಸಿ ಎಂದು ಹೆಸರಿಟ್ಟ. ಆಳುಗಳ ಬಾಯಲ್ಲಿ ಎರಡೇ ದಿನಕ್ಕೆ ಅವಳು ಲೂಸವ್ವ ಆದಳು. ಲೂಸವ್ವಗ ಬೆಳಿಗ್ಗೆ ಮಾಂಸ, ಸಂಜೀಕ ಮೊಟ್ಟಿ, ಮಲಗಾಕ ಫ್ಯಾನು. ಮುಂದಿನ ಜನ್ಮ ಅಂತಿದ್ರ ಲೂಸವ್ವನ ಹೊಟ್ಟಿಯಾಗ ಹುಟ್ಟಬೇಕು ನೋಡ ಎಂದು ಹೆಂಗಸರು ನಗುತ್ತಿದ್ದರು.

ಕಲಿಸಲು ಬಂದವನು ಬಾದಾಮಿಯ ಅಮೀನಸಾಬ. ಮಿಲಿಟರಿಯಲ್ಲಿ ನಾಯಿಗಳ ಜೊತೆ ಆಯುಷ್ಯ ಕಳೆದು ಬಂದವ, ಸಣ್ಣ ದನಿಯ ಮನುಷ್ಯ. ಐದು ಹೊತ್ತಿನ ನಮಾಜು ತಪ್ಪಿಸುತ್ತಿರಲಿಲ್ಲ. ನಾಯಿಯ ಕೂದಲು ಅಂಟಿದ ಅಂಗಿ ಕಳಚಿ, ಮೈಕೈ ತೊಳೆದು, ಬೇರೆ ಅಂಗಿ ಹಾಕಿಕೊಂಡು ನಿಲ್ಲುತ್ತಿದ್ದ. ಸಂಜೆ ಕೆಲಸ ಬಿಟ್ಟಾಗ ಆಳುಗಳನ್ನು ಸಾಲಾಗಿ ನಿಲ್ಲಿಸಿ ನಾಯಿಯಿಂದ ಮೂಸಿಸಬೇಕು ಎಂದು ಸಾವ್ಕಾರನ ಹುಕುಂ. ಗಂಡಸರು ಬುತ್ತಿಗಂಟು ಬಿಚ್ಚಿ ನಿಲ್ಲಬೇಕು, ಹೆಂಗಸರು ಸೆರಗು ಸಡಿಲಿಸಿ ನಿಲ್ಲಬೇಕು. ಮುಕಾದಮ ಬೆತ್ತದಿಂದ ಅವರ ಸೀರೆಯ ನಿರಿಗೆ ಎತ್ತಿ, "ಇಲ್ಲೂ ಮೂಸಸ್ರಿ ಸಾಬ್ರ, ಇವರಿಗೆ ಇಡಾಕ ಭಾಳ ಜಾಗ ಅದಾವ," ಎನ್ನುತ್ತಿದ್ದ. ಅಮೀನಸಾಬ ಆಗ ನೆಲ ನೋಡುತ್ತ ನಾಯಿಯನ್ನು ಬೇಗ ಬೇಗ ಎಳೆದುಕೊಂಡು ಹೋಗುತ್ತಿದ್ದ.

ಸಾವ್ಕಾರನ ಮನೆಯಲ್ಲಿ ಮಾಂಸ ಮುಟ್ಟುವವರಿಲ್ಲ. ಹಾಗಾಗಿ ನಾಯಿಯ ಅಡಿಗೆ ದುರಗವ್ವನ ಪಾಲಿಗೆ ಬಂತು. ಅವಳಿಗೂ ಕಲ್ಲು ಹೊರುವುದಕ್ಕಿಂತ ಅದೇ ಹಿತವಾಯಿತು. ಲೂಸವ್ವ ಕಲಿಯುವುದನ್ನು ಒಲೆಯ ಮುಂದೆ ಕೂತು ನೋಡುತ್ತಿದ್ದಳು. ಸಾಲಾಗಿ ಗಡಿಗೆ ಬೋರಲು ಹಾಕಿ, ಒಂದರ ಕೆಳಗೆ ಅರಿವೆಯಲ್ಲಿ ಕಟ್ಟಿದ ಮದ್ದಿನ ಪುಡಿ. ನಾಯಿ ಒಂದೊಂದೇ ಮೂಸುತ್ತ ಬಂದು ಅಲ್ಲಿ ತಡೆದು ಕೂತುಬಿಡಬೇಕು. ಬೊಗಳಬಾರದು, ಕೆದರಬಾರದು, ಬರೀ ಕೂಡಬೇಕು. ಕೂತದ್ದು ಖರೆ ಆದರೆ ಅಮೀನಸಾಬ ಕಿಸೆಯಿಂದ ಕೆಂಪು ರಬ್ಬರ್ ಚೆಂಡು ತೆಗೆದು ಮುಂದೆ ಇಡುತ್ತಿದ್ದ. ಸುಳ್ಳು ಕೂತರೆ ಚೆಂಡಿಲ್ಲ. "ಚೆಂಡು ಕೊಟ್ಟೆ ಅಂದ್ರ ನೀ ಹೇಳಿದ್ದು ಖರೆ ಅಂತ ನಾ ಒಪ್ಪಿದೆ ಅಂದಂಗ," ಎಂದು ಅವನು ದುರಗವ್ವನಿಗೆ ತಿಳಿಸಿ ಹೇಳಿದ್ದ. "ಅಕೀಗೂ ನನಗೂ ಇಷ್ಟ ಕರಾರು."

ಮದ್ದು ಕಟ್ಟಲು ಪ್ರತಿಸಲ ಹೊಸ ಅರಿವೆ ಬೇಕು ಎಂದು ಅವನು ಮುಕಾದಮನನ್ನು ಕೇಳಿದ. ನಾಯಿಗೆ ಧೋತರ ಉಡಸ್ತೀರೇನು ಎಂದು ಮುಕಾದಮ ಬೈದು ಕಳಿಸಿದ. ಅವನು ಮುಖ ಸಣ್ಣದು ಮಾಡಿಕೊಂಡು ಒಲೆಯ ಹತ್ತಿರ ಬಂದು, ಮನೆಯಲ್ಲಿ ಹಳೆಯ ಅರಿವೆ ಇದ್ದರೆ ಕೊಡು ತಂಗಿ ಎಂದ.

ದುರಗವ್ವನ ಮನೆಯಲ್ಲಿ ಇದ್ದ ಹಳೆಯ ಅರಿವೆ ಎಂದರೆ ಗೂಟಕ್ಕೆ ತೂಗುಬಿದ್ದಿದ್ದ ಬಂಡೆಪ್ಪನ ಅಂಗಿ, ಧೋತರ. ಅವನು ಹೋದಾಗಿನಿಂದ ಅವಳು ಅವನ್ನು ಒಗೆದಿರಲಿಲ್ಲ. ಒಗೆದರೆ ನೀರಿನ ಜೊತೆ ಅವನು ಹರಿದುಹೋಗುತ್ತಾನೆ ಎಂಬ ಭಯ. ಇದ್ದವನ ಅರಿವೆ ಆದರೆ ಒಗೆದು ಮಡಚಿಡು, ಸತ್ತವನದಾದರೆ ಹೊಳೆಗೆ ಬಿಡು, ಹಿಂಗ ತೂಗು ಹಾಕಿ ಮನಿ ಹಾಳ ಮಾಡಬ್ಯಾಡ ಎಂದು ಅಂಬವ್ವ ದಿನಾ ಅಂದು ಅಂದು ಸೊಸೆಯ ಕರುಳು ಹಿಂಡಿದ್ದಳು. ಎರಡೂ ಮಾಡಲಾರದೆ ದುರಗವ್ವ ಮೂರನೆಯದನ್ನು ಮಾಡಿದಳು. ಹೊಸ್ತಿಲಲ್ಲಿ ಕೂತು, ಧೋತರವನ್ನೂ ಅಂಗಿಯನ್ನೂ ಅಂಗೈ ಅಗಲದ ಚೂರುಗಳಾಗಿ ಹರಿದಳು. ಪ್ರತಿ ಸಲ ಅರಿವೆ ಪರ್ರ್ ಎಂದಾಗ ಒಳಗಿನಿಂದ ಅಂಬವ್ವ ಏನಬೇ ಅದು ಎಂದು ಕೇಳುತ್ತಿದ್ದಳು. ಏನಿಲ್ಲ ಅತ್ತಿ, ಮಸಿಅರಿವಿ ಎನ್ನುತ್ತಿದ್ದಳು.

ಯಾರ ಅರಿವೆ ಎಂದು ಅಮೀನಸಾಬ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಲೂಸವ್ವ ಮಾತ್ರ ಒಮ್ಮೆಲೆ ಚುರುಕಾದಳು. ಎಲ್ಲಿ ಬಚ್ಚಿಟ್ಟರೂ ನೆಟ್ಟಗೆ ಹೋಗಿ ಕೂಡುತ್ತಿದ್ದಳು. ಇಂಥಾ ಮೂಗು ನಾನು ಗಡಿಯಲ್ಲಿಯೂ ನೋಡಲಿಲ್ಲ ಎಂದು ಅಮೀನಸಾಬ ಹಿಗ್ಗಿದ.

ಒಂದು ಸಂಜೆ ಅದೇ ಲೂಸವ್ವ ಹಗ್ಗ ಎಳೆದುಕೊಂಡು ಬಂದು ದುರಗವ್ವನ ಗುಡಿಸಲಿನೊಳಗೆ ನುಗ್ಗಿ, ಬರಿಗೂಟದ ಕೆಳಗೆ ಕೂತಳು. ಮುಕಾದಮನಿಗೆ ಅಷ್ಟೇ ಸಾಕಾಯಿತು. ಕಳ್ಳನ ಮಾಲು ಕಳ್ಳನ ಮನ್ಯಾಗ ಇರತದ ಎಂದು ಒಳಗೆ ನುಗ್ಗಿ ಗಡಿಗೆ ಒಡೆದ, ಜೋಳ ಚೆಲ್ಲಿದ, ಅಂಬವ್ವ ಮಲಗಿದ್ದ ಚಾಪೆಯನ್ನು ಅವಳ ಕೆಳಗಿನಿಂದ ಜಗ್ಗಿ ತೆಗೆದ. ಏನೂ ಸಿಗಲಿಲ್ಲ. ಹೋಗುವಾಗ ಜೋಳದ ಮೇಲೆ ಉಗುಳಿ ಹೋದ. ದುರಗವ್ವ ಕತ್ತಲಾಗುವವರೆಗೂ ಮಣ್ಣಿನಿಂದ ಕಾಳು ಆರಿಸಿದಳು. ನಾಯಿ ಯಾಕೆ ಅಲ್ಲಿ ಕೂತಿತು ಎಂದು ಆಗ ಅವಳಿಗೆ ಹೊಳೆಯಲಿಲ್ಲ.

ಈಗ ಪರೀಕ್ಷೆಯ ದಿನ ಬಂದಿತ್ತು.

ಸಾಹೇಬರು ಬೆಳಗಾವಿಯ ಕಡೆಯಿಂದ ಜೀಪಿನಲ್ಲಿ ಬಂದರು. ಬಿಳಿ ಮೀಸೆ, ಕಡಿಮೆ ಮಾತು. ಶಾಮಿಯಾನದ ಕೆಳಗೆ ಸಾವ್ಕಾರ, ಪಕ್ಕದ ಕ್ವಾರಿಗಳ ಮಾಲೀಕರು ಗೋಡಂಬಿ ತಿನ್ನುತ್ತ ಕೂತಿದ್ದರು. ಆಳುಗಳನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದ್ದರು. ಜನರ ನಡುವೆ ನಾಯಿ ಹೇಗೆ ಹುಡುಕುತ್ತದೆ ಎಂದು ನೋಡಬೇಕಂತೆ. ದುರಗವ್ವನೂ ಆ ಸಾಲಿನಲ್ಲಿದ್ದಳು. ಅಂಬವ್ವ ಅವಳ ಭುಜ ಹಿಡಿದು ನಿಂತಿದ್ದಳು.

ಅಮೀನಸಾಬ ಅರಿವೆಯ ಚೂರು ತಂದು ಕೊಡಲು ಹೋದರೆ ಸಾಹೇಬರು ಬೇಡವೆಂದರು. ತಮ್ಮ ಚೀಲದಿಂದ ಗರಿಗರಿಯ ಹೊಸ ಬಿಳಿ ಅರಿವೆ ತೆಗೆದು, ಕೈಗೆ ರಬ್ಬರ್ ಗವಸು ತೊಟ್ಟು, ತಾವೇ ಮದ್ದು ಕಟ್ಟಿದರು. ಒಂದನ್ನು ಕಲ್ಲಿನ ಸಂದಿಯಲ್ಲಿ, ಒಂದನ್ನು ಕಂಪ್ರೆಸರಿನ ಗಾಲಿಯ ಹಿಂದೆ, ಒಂದನ್ನು ಸಾಲಿನಲ್ಲಿ ನಿಂತ ಒಬ್ಬ ಆಳಿನ ಬುತ್ತಿಗಂಟಿನಲ್ಲಿ ಇಟ್ಟರು. ಅಮೀನಸಾಬನ ಮುಖ ಸ್ವಲ್ಪ ಬಿಳಿಚಿಕೊಂಡದ್ದು ದುರಗವ್ವನ ಕಣ್ಣಿಗೆ ಬಿತ್ತು.

ಲೂಸವ್ವ ಹೊರಟಳು. ಕಲ್ಲಿನ ಸಂದಿಯ ಹತ್ತಿರ ಮೂಗು ಇಟ್ಟಳು, ಅನುಮಾನಿಸಿದಳು, ಅಮೀನಸಾಬನ ಮುಖ ನೋಡಿದಳು, ಮುಂದೆ ಹೋದಳು. ಗಾಲಿಯ ಹತ್ತಿರವೂ ಹಾಗೆಯೇ. ಮನೆಯವರೊಬ್ಬರನ್ನು ಜಾತ್ರೆಯಲ್ಲಿ ಕಳೆದುಕೊಂಡು ಪರರ ಮುಖ ನೋಡುತ್ತ ಹೋಗುವವರಂತೆ ಸಾಲಿನ ಗುಂಟ ಬಂದಳು. ಬುತ್ತಿಗಂಟು ದಾಟಿದಳು. ದುರಗವ್ವನ ಮುಂದೆ ಬಂದು ಸೀರೆಯ ಅಂಚು ಮೂಸಿ ಕೂತಳು. ಸಾಹೇಬರು ತಲೆಯಾಡಿಸಿ ಏನೋ ಬರೆದುಕೊಂಡರು. ಶಾಮಿಯಾನದ ಕೆಳಗೆ ಯಾರೋ ಕಿಸಕ್ಕೆಂದರು.

ಆಗ ಮೂಡಗಾಳಿ ತಡೆಯಿತು. ಗಾಳಿ ಒಂದು ಗಳಿಗೆ ಉಸಿರು ಹಿಡಿದಂತೆ ನಿಂತು, ಪಡುವಣದಿಂದ ಹಗುರಾಗಿ ತಿರುಗಿತು. ಲೂಸವ್ವನ ಮೂಗು ಮೇಲೆದ್ದಿತು. ಮೈ ಬಿಗಿಯಿತು. ಅಮೀನಸಾಬನ ಕೈಯಿಂದ ಹಗ್ಗ ಕಿತ್ತುಕೊಂಡು ಅವಳು ದಂಪಿನ ಕಡೆ ಓಡಿದಳು. ಒಡಕಲು ಕಲ್ಲುಗಳ ಮೇಲೆ ಜಾರುತ್ತ, ಉಗುರು ಕೆರೆಯುತ್ತ ಅರ್ಧ ಎತ್ತರ ಹತ್ತಿ, ಎರಡು ದೊಡ್ಡ ಕಲ್ಲುಗಳ ನಡುವಿನ ಸಂದಿಗೆ ಮೂಗಿಟ್ಟು, ಮೆಲ್ಲಗೆ ಕುಂಯ್ ಎಂದು, ಕೂತಳು. ಕೂತು ಹಿಂದಿರುಗಿ ಅಮೀನಸಾಬನನ್ನು ನೋಡಿದಳು.

ಅವನು ಕರೆದ. ಬರಲಿಲ್ಲ. ಸಿಳ್ಳೆ ಹಾಕಿದ. ಕಿವಿ ಅಲುಗಿತು, ಮೈ ಅಲುಗಲಿಲ್ಲ.

"ಅಲ್ಲಿ ನಾನು ಏನೂ ಇಟ್ಟಿಲ್ಲ," ಎಂದು ಸಾಹೇಬರು ಹೇಳಿದರು. "ಈ ನಾಯಿ ಸುಳ್ಳು ಕೂಡ್ತದ. ಇದನ್ನ ಪಾಸ್ ಮಾಡಾಕ ಬರೂದಿಲ್ಲ."

ಮಾಲೀಕರು ಕೈ ಒರೆಸಿಕೊಂಡು ಏಳತೊಡಗಿದರು. ಸಾವ್ಕಾರನಿಗೆ ಸಿಟ್ಟು ಬರಬೇಕಾಗಿತ್ತು. ಆದರೆ ಅವನು ನಾಯಿಯನ್ನೂ ನೋಡಲಿಲ್ಲ, ಸಾಹೇಬರನ್ನೂ ನೋಡಲಿಲ್ಲ. ಮುಕಾದಮನನ್ನು ನೋಡಿದ. ಮುಕಾದಮ ಅವನನ್ನು ನೋಡಿದ. ಆ ಎರಡು ನೋಟಗಳ ನಡುವೆ ದುರಗವ್ವ ನಿಂತಿದ್ದಳು.

ಅವಳ ಅಂಗೈಯಲ್ಲಿ ಅರಿವೆ ಹರಿದ ನೆನಪು ಎದ್ದಿತು. ಪರ್ರ್, ಪರ್ರ್. ಗೂಟದ ಕೆಳಗೆ ಕೂತ ನಾಯಿ. ಹೊಸ ಅರಿವೆ ದಾಟಿಹೋದ ನಾಯಿ. ಅತ್ತೆಯ ಕೈಯನ್ನು ಭುಜದಿಂದ ಮೆಲ್ಲಗೆ ಬಿಡಿಸಿ ಅವಳು ಅಮೀನಸಾಬನ ಹತ್ತಿರ ಹೋದಳು.

"ಅಣ್ಣಾ, ನಾ ಕೊಟ್ಟ ಅರಿವಿ ನನ್ನ ಗಂಡಂದು. ಒಗದಿದ್ದಿಲ್ಲ."

ಅಮೀನಸಾಬ ಅವಳನ್ನು ನೋಡಿದ. ಆಮೇಲೆ ದಂಪನ್ನು ನೋಡಿದ.

"ಅಕಿ ಕಲ್ತಿದ್ದು ಮದ್ದಿನ ವಾಸನಿ ಅಲ್ಲಣ್ಣಾ," ಎಂದಳು ದುರಗವ್ವ. "ಅಕಿ ಸುಳ್ಳು ಕುಂತಿಲ್ಲ."

ಅಷ್ಟರಲ್ಲಿ ಮುಕಾದಮ ಅಲ್ಲಿಗೆ ಬಂದು, ಈ ಸೂಳಿಮಗಳ ನಾಯೀನ ಕೆಳಗ ಎಳೀತೀಯೋ ಇಲ್ಲ ಅಲ್ಲೇ ಕಲ್ಲು ಹೊತ್ತಾಕಿ ಕೊಲ್ಲಲೋ ಎಂದು ಕೂಗಾಡುತ್ತಿದ್ದ. ಅಮೀನಸಾಬ ದಂಪು ಹತ್ತಿದ. ವಯಸ್ಸಾದ ಮೊಣಕಾಲು ಎರಡು ಸಲ ಜಾರಿದವು. ಲೂಸವ್ವನ ಮುಂದೆ ನಿಂತು, ಎಲ್ಲರಿಗೂ ಕಾಣುವ ಹಾಗೆ ಕಿಸೆಗೆ ಕೈಹಾಕಿ, ಕೆಂಪು ಚೆಂಡು ತೆಗೆದು ಅವಳ ಮುಂದೆ ಇಟ್ಟ.

ಶಾಮಿಯಾನದ ಕೆಳಗಿದ್ದವರಿಗೆ ಅದು ತಿಳಿಯಲಿಲ್ಲ. ಜೀಪಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಸಾಹೇಬರಿಗೆ ತಿಳಿಯಿತು. ಅವರು ಅಮೀನಸಾಬನನ್ನು ನೋಡಿದರು, ಚೆಂಡು ಕಚ್ಚಿಕೊಂಡೂ ಎದ್ದು ಬಾರದ ನಾಯಿಯನ್ನು ನೋಡಿದರು. ನಾಯಿಯ ಪರೀಕ್ಷೆ ಮಾತ್ರ ನನ್ನ ಕೆಲಸ ಎಂದು ಯಾರೂ ಕೇಳದಿದ್ದರೂ ಹೇಳಿದರು. ಜೀಪು ಹೋಯಿತು. ಅದರ ಹಿಂದೆ ಮಾಲೀಕರ ಕಾರುಗಳೂ ಹೋದವು.

"ಮುತ್ತಪ್ಪಾ," ಎಂದು ಸಾವ್ಕಾರ ಹಿಟಾಚಿಯ ಕಡೆ ತಿರುಗಿದ. ದನಿ ಏರಿಸಲಿಲ್ಲ. "ಆ ದಂಪಿನ ಮ್ಯಾಲ ಇನ್ನೊಂದೀಟು ಕಲ್ಲ ಹಾಕಪಾ. ಭಾಳ ಸಡ್ಲ ಆಗೇತಿ."

ಯಂತ್ರ ಗುಡುಗಿ ಎದ್ದಿತು. ದುರಗವ್ವ ಆಗಲೇ ದಂಪು ಹತ್ತುತ್ತಿದ್ದಳು. ಅಮೀನಸಾಬ ಕೈಕೊಟ್ಟ. ಅವಳು ಲೂಸವ್ವನ ಪಕ್ಕಕ್ಕೆ ಹೋಗಿ, ನಾಯಿ ಕೂತ ಹಾಗೆಯೇ, ಕೈ ಎರಡೂ ಮುಂದೆ ಊರಿ ಕೂತಳು. ಸಂದಿಗೆ ಮುಖ ಹತ್ತಿರ ತಂದಳು. ಕಲ್ಲಿನ ಒಳಗಿನ ತಂಪು ಗಾಳಿ ಮುಖಕ್ಕೆ ಬಡಿಯಿತು. ಅವಳ ಮೂಗಿಗೆ ಧೂಳಿನ ವಾಸನೆ ಬಿಟ್ಟು ಬೇರೆ ಏನೂ ಹತ್ತಲಿಲ್ಲ. ಅದಕ್ಕೇ ಮೊದಲ ಸಲ ಅವಳಿಗೆ ಅಳು ಬಂತು.

"ಏ ರಂಡೀ, ಏಳ," ಎಂದು ಮುಕಾದಮ ಕೆಳಗಿನಿಂದ ಕೂಗಿದ. "ಕಲ್ಲ ಬೀಳ್ತಾವ, ಸಾಯ್ತಿ."

"ಹೌದಲೇ, ನಾ ರಂಡಿನ," ಎಂದಳು ದುರಗವ್ವ. ಕೂಗಲಿಲ್ಲ, ಆದರೆ ಕ್ವಾರಿಯ ಗೋಡೆಗಳು ಅದನ್ನು ಎತ್ತಿ ಎಲ್ಲರಿಗೂ ಮುಟ್ಟಿಸಿದವು. "ಮುಂಜಾನಿ ನೀನ ಕೇಳಿದ್ಯಲ್ಲ, ಖರೆ ಹೇಳ ಅಂತ. ಈಗ ಗೊತ್ತಾತು. ನಾ ಗಂಡ ಸತ್ತ ರಂಡಿ. ರಂಡಿ ಮಾಡಿದಾವ ನೀನ."

ಹಿಟಾಚಿಯ ತೋಳು ಕಲ್ಲು ತುಂಬಿಕೊಂಡು ಅವಳ ತಲೆಯ ಮೇಲೆ ಬಂದು ನಿಂತಿತು. ಸಣ್ಣ ಹರಳುಗಳು ಉದುರಿದವು. ಲೂಸವ್ವ ಕಣ್ಣು ಮುಚ್ಚಿ ತೆರೆದಳು, ಏಳಲಿಲ್ಲ. ಗಾಜಿನ ಹಿಂದೆ ಮುತ್ತಪ್ಪನ ಮುಖ ಕಾಣುತ್ತಿರಲಿಲ್ಲ. ಸುರಿಯೋ ಲೇ ಎಂದು ಮುಕಾದಮ ಎರಡು ಸಲ ಹೇಳಿದ. ತೋಳು ಹಾಗೇ ನಡುಗುತ್ತ ನಿಂತಿತ್ತು. ಆಮೇಲೆ ನಿಧಾನಕ್ಕೆ ಪಕ್ಕಕ್ಕೆ ಸರಿದು, ದೂರದ ಬಯಲಿನಲ್ಲಿ ಕಲ್ಲು ಚೆಲ್ಲಿತು. ಯಂತ್ರ ಬಂದ್ ಆಯಿತು.

ಮಧ್ಯಾಹ್ನದ ಆ ಮೌನ ಹೊತ್ತಿಗೆ ಮುಂಚೆಯೇ ಇಳಿಯಿತು. ಎಲ್ಲರೂ ಕಿವಿಗೊಟ್ಟು ನಿಂತರು. ಟಿಣ್ ಎಂಬ ಸಪ್ಪಳ ಬರಲಿಲ್ಲ. ಬಹಳ ಹೊತ್ತು ಕಾದರೂ ಬರಲಿಲ್ಲ. ಆಗ ಅಂಬವ್ವ ಗಾಳಿಯಲ್ಲಿ ಕೈ ಆಡಿಸುತ್ತ ಒಬ್ಬಳೇ ಮುಂದೆ ಬಂದಳು. ದಂಪಿನ ಬುಡಕ್ಕೆ ಕಾಲು ತಾಗಿದ ಕೂಡಲೇ ಬಾಗಿ, ತಡವಿ, ಸಿಕ್ಕ ಮೊದಲ ಕಲ್ಲನ್ನು ಎತ್ತಿ ಹಿಂದಕ್ಕೆ ಒಗೆದಳು. ಇನ್ನೊಂದು ಎತ್ತಿದಳು. ರೊಟ್ಟಿಯ ಚೂರು ಒಗೆಯುತ್ತಿದ್ದ ಹೆಂಗಸರು ಬಂದರು. ಮುಂಜಾನೆ ನಕ್ಕಿದ್ದವನೂ ಹಾರೆ ತಂದ. ವಡ್ಡರಿಗೆ ಕಲ್ಲು ಎತ್ತುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮುಕಾದಮ ಒಂದಿಬ್ಬರ ಬೆನ್ನಿಗೆ ಬೆತ್ತ ಬೀಸಿದ. ಹೊಡೆಸಿಕೊಂಡವರು ತಿರುಗಿ ನೋಡದೆ ಕಲ್ಲು ಎತ್ತುತ್ತಲೇ ಇದ್ದರು. ಕೊನೆಗೆ ಅವನ ಕೈಯೇ ಇಳಿಯಿತು.

ಹೊತ್ತು ನೆತ್ತಿ ದಾಟಿದಾಗ ಲೂಸವ್ವ ಕೂತಿದ್ದ ಕಲ್ಲನ್ನು ನಾಲ್ಕು ಜನ ಸೇರಿ ಸರಿಸಿದರು. ಮೊದಲು ಅಂಗಿಯ ತೋಳು ಕಂಡಿತು. ಮೊಣಕೈಯ ಮೇಲೆ ಹಸಿರು ದಾರದಲ್ಲಿ ಹಾಕಿದ ಹೊಲಿಗೆ. ದುರಗವ್ವ ಅದನ್ನು ಹೊಲಿದ ದಿನ ಬಿಳಿ ದಾರ ಮುಗಿದಿತ್ತು. ಆ ಕೈ ತಲೆಯನ್ನು ಕಾಯ್ದುಕೊಳ್ಳಲು ಮೇಲೆತ್ತಿದ ಹಾಗೇ ಉಳಿದಿತ್ತು. ದುರಗವ್ವ ಅದನ್ನು ಮುಟ್ಟಲಿಲ್ಲ. ಅಂಬವ್ವನ ಕೈ ಹಿಡಿದು ತಂದು ಆ ಹೊಲಿಗೆಯ ಮೇಲೆ ಇಟ್ಟಳು. ಮುದುಕಿ ಬೆರಳಿನಿಂದ ಅದನ್ನು ಈ ತುದಿಯಿಂದ ಆ ತುದಿಯವರೆಗೆ ಓದಿದಳು. ಅಲ್ಲಿಯೇ ಕೂತಳು. ಅಮೀನಸಾಬ ತಲೆಗೆ ಕೈವಸ್ತ್ರ ಕಟ್ಟಿಕೊಂಡು, ತನಗೆ ಬಂದ ಮಾತಿನಲ್ಲಿ ಮೆಲ್ಲಗೆ ಪ್ರಾರ್ಥನೆ ಹೇಳತೊಡಗಿದ.

ಸಾವ್ಕಾರ ಫೋನಿನಲ್ಲಿ ಮಾತು ಮುಗಿಸಿ ಬಂದ. ಪೊಲೀಸರು ಬರುವ ತನಕ ಯಾರೂ ಏನನ್ನೂ ಮುಟ್ಟಬಾರದು, ಕಾನೂನು ಐತಿ ಎಂದ. ಆ ಶಬ್ದ ಆ ಕ್ವಾರಿಯಲ್ಲಿ ಹಿಂದೆ ಯಾರಿಗೂ ಕೇಳಿಸಿರಲಿಲ್ಲ. ದೂರ, ಹುನಗುಂದದ ಹಾದಿಯಲ್ಲಿ ಧೂಳು ಏಳುತ್ತಿತ್ತು. ಬರುವವರು ಹಿಂದೆ ಚಹಾ ಕುಡಿದು ಹೋದವರೇ ಇರಬಹುದು.

ಜೀಪು ಬಂದರೆ ಇವನನ್ನು ಒಯ್ಯುತ್ತಾರೆ, ಕೊಯ್ಯುತ್ತಾರೆ, ಏನೇನೋ ಬರೆಯುತ್ತಾರೆ, ಮತ್ತೆ ಕೈಗೆ ಕೊಡುತ್ತಾರೋ ಇಲ್ಲವೋ. ಅದಕ್ಕೆ ಮೊದಲೇ ಮಣ್ಣು ಕೊಟ್ಟುಬಿಡೋಣ ಎಂದು ಹೆಂಗಸರಲ್ಲಿ ಒಬ್ಬಳು ಹೇಳಿದಳು. ಸತ್ತವನ ಮೇಲೆ ತನ್ನವರ ಕೈಯಿಂದ ಒಂದು ಹಿಡಿ ಮಣ್ಣು ಬೀಳದಿದ್ದರೆ ಅವನು ಹೋದ ಹಾಗಲ್ಲ. ಆದರೆ ಆ ಕ್ವಾರಿಯಲ್ಲಿ ಮಣ್ಣೆಲ್ಲಿ? ಕಣ್ಣು ಹಾಯುವ ತನಕ ಕಲ್ಲು, ಕಲ್ಲಿನ ಪುಡಿ. ಎಲ್ಲರೂ ನೆಲ ನೋಡುತ್ತ ನಿಂತರು.

ಮುತ್ತಪ್ಪ ಹಿಟಾಚಿಯಿಂದ ಇಳಿದು ಯಾರಿಗೂ ಹೇಳದೆ ಬೇಲಿ ದಾಟಿ ಹೋದದ್ದನ್ನು ಕೆಲವರು ಕಂಡಿದ್ದರು. ತಪ್ಪಿಸಿಕೊಂಡ ಎಂದುಕೊಂಡಿದ್ದರು. ಈಗ ಅವನು ಕಡಲೆ ಹೊಲದ ಕಡೆಯಿಂದ, ಬೊಗಸೆ ಎದೆಗೆ ಹತ್ತಿರ ಹಿಡಿದು, ಚೆಲ್ಲದ ಹಾಗೆ ಒಂದೊಂದೇ ಹೆಜ್ಜೆ ಇಡುತ್ತ ಬರುತ್ತಿದ್ದ. ಸಾವ್ಕಾರನ ಮುಂದಿನಿಂದಲೇ ಹಾದ. ಅವನ ಮುಖ ನೋಡಲಿಲ್ಲ. ದಂಪು ಹತ್ತಿ ದುರಗವ್ವನ ಮುಂದೆ ಬಂದು ನಿಂತ. ಒಂದೂವರೆ ವರ್ಷದ ಮೇಲೆ ಅವಳ ಕಣ್ಣಿಗೆ ಕಣ್ಣು ಕೊಟ್ಟ.

"ಅವತ್ತ ಅವನ ಮ್ಯಾಲ ಬರೇ ಕಲ್ಲ ಹಾಕಿದ್ನೆಕ್ಕಾ," ಎಂದ.

ದುರಗವ್ವ ಎರಡೂ ಕೈ ಚಾಚಿದಳು. ಅವನು ಬೊಗಸೆಯ ಕರಿಮಣ್ಣನ್ನು ಅವಳ ಬೊಗಸೆಗೆ ಸುರಿದ. ಬೆರಳಿಗೆ ಅಂಟಿದ್ದನ್ನೂ ಉಜ್ಜಿ ಉಜ್ಜಿ, ಒಂದು ಕಣ ಉಳಿಯದ ಹಾಗೆ ಕೊಟ್ಟ.